ಇಗರ್ಜಿ ಉದ್ದವಾದ ವರ್ಷ

ಇಗರ್ಜಿಯ ಮುಂಗೋಡೆ ಕೆಡವುವಾಗ ಹಳೆಯ ಹಂಚಿನ ಮಾಡು ಇಡಿಯಾಗಿ ಕೆಳಗೆ ಕೂರಬಹುದಿತ್ತು. ಕೆಂಪುಕಲ್ಲಿನ ಕೆಲಸಕ್ಕೆ ಮುಟ್ಟಳ್ಳಿಯಿಂದ ಬಂದವರು ಗದ್ದೆ ನಟ್ಟಿಯ ನೆಪ ಹೇಳಿ ಅರ್ಧಕ್ಕೇ ಭಟ್ಕಳದ ಬಸ್ಸು ಹತ್ತಬಹುದಿತ್ತು. ಬಿಷಪ್ಪರು ಬೇಡ ಎನ್ನಬಹುದಿತ್ತು. ಬೇಕು ಎಂದರೂ ಅಷ್ಟರಲ್ಲಿ ಪಾದ್ರಿಗಳಿಗೆ ವರ್ಗವಾಗಬಹುದಿತ್ತು. ಕುಮಟೆಯಿಂದ ಹಂಚು ಹೊತ್ತು ಬರುವ ಲಾರಿ ಧಾರೇಶ್ವರದ ತಿರುವಿನಲ್ಲಿ ಮಗುಚಬಹುದಿತ್ತು. ಹಂಚು ಬಂದರೂ ಮಳೆ ಅದಕ್ಕಿಂತ ಮೊದಲು ಬರಬಹುದಿತ್ತು. ಪೇಟೆಯವರು ದಂಡೆಯವರ ಮೇಲೆ ಕೈ ಮಾಡಬಹುದಿತ್ತು, ದಂಡೆಯವರು ಸುಮ್ಮನಿರುವ ಜನವಲ್ಲ. ನಿಶ್ಚಯವಾಗಿದ್ದ ನನ್ನ ಮದುವೆ ಮುರಿಯಬಹುದಿತ್ತು. ನನ್ನ ತಾಯಿ ನನ್ನನ್ನು ಮಗನೇ ಅಲ್ಲ ಎನ್ನಬಹುದಿತ್ತು. ಕೊನೆಯ ಇವೆರಡೂ ಒಂದೇ ದಿನ ಆಗಬಹುದಿತ್ತು, ಮತ್ತು ಆ ದಿನ ಭಾನುವಾರವೇ ಆಗಿರುತ್ತಿತ್ತು, ಏಕೆಂದರೆ ನಮ್ಮಲ್ಲಿ ಜಗಳಕ್ಕೆ ಪುರುಸೊತ್ತು ಸಿಗುತ್ತಿದ್ದುದು ಭಾನುವಾರ ಮಾತ್ರ.

ಈ ಪಟ್ಟಿಯನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಈಗ ಐವತ್ತು ದಾಟಿದ ಮೇಲೆ ಡಾಕ್ಟರು ಅದೇ ಜಾಗವನ್ನು ಬೆರಳಿನಿಂದ ಒತ್ತಿ ಹುಣ್ಣು ಎನ್ನುತ್ತಾರೆ. ಯಾವುದರ ಚಿಂತೆ ಎಂದು ಕೇಳುತ್ತಾರೆ. ಯಾವುದರದ್ದಲ್ಲ ಎಂದು ಕೇಳಿದ್ದರೆ ಹೇಳುವುದು ನನಗೆ ಸುಲಭವಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳು. ಹೊನ್ನಾವರದಿಂದ ಸ್ವಲ್ಪ ಆಚೆ, ಕಡಲಿಗೂ ರಸ್ತೆಗೂ ನಡುವೆ ನಮ್ಮ ಇಗರ್ಜಿ. ಅಜ್ಜಂದಿರು ತಮ್ಮ ಕಾಲದ ಜನಕ್ಕೆ ಅಳತೆ ಮಾಡಿ ಕಟ್ಟಿದ್ದು. ಜನ ಬೆಳೆದರು, ಇಗರ್ಜಿ ಬೆಳೆಯಲಿಲ್ಲ. ರಸ್ತೆ ಬದಿಯ ಅಂಗಡಿಯವರು, ಕಚೇರಿಯವರು, ತೋಟವಿದ್ದವರು ಒಳಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಇವರು ಪೇಟೆಯವರು. ದೋಣಿ, ಬಲೆ, ಒಣಮೀನಿನವರು ದಂಡೆಯವರು. ಇವರು ಹೊರಗೆ ತೆಂಗಿನ ಮಡಲಿನ ಚಪ್ಪರದ ಕೆಳಗೆ ನಿಲ್ಲುತ್ತಿದ್ದರು. ಹೀಗೇ ಆಗಬೇಕು ಎಂದು ಯಾರೂ ನಿಯಮ ಮಾಡಿರಲಿಲ್ಲ. ಮಾಡಿದ್ದರೆ ಮುರಿಯಬಹುದಿತ್ತು.

ಒಳಗೆ ಇನ್ನೊಂದು ಕಟ್ಟಳೆ ಇತ್ತು, ಅದಕ್ಕೆ ಪೇಟೆ ದಂಡೆ ಎಂಬ ಭೇದವಿರಲಿಲ್ಲ. ಮಾತೆಯ ಪ್ರತಿಮೆ ಇದ್ದ ಬದಿ ಹೆಂಗಸರದ್ದು. ಬಡಗಿ ಸಂತನ ಪ್ರತಿಮೆ ಇದ್ದ ಬದಿ ಗಂಡಸರದ್ದು. ಗಂಡ ಹೆಂಡತಿ ಒಂದೇ ಕೊಡೆಯಲ್ಲಿ ಬಂದರೂ ಬಾಗಿಲಲ್ಲಿ ಬೇರೆಯಾಗಬೇಕು. ಮೀಸೆ ಚಿಗುರುವ ಹೊತ್ತಿಗೆ ಮಗ ತಾಯಿಯ ಸೆರಗು ಬಿಟ್ಟು ನಡುದಾರಿ ದಾಟಿ ಈಚೆ ಬರುತ್ತಾನೆ; ಬಂದವನು ಬದುಕಿರುವ ತನಕ ಮತ್ತೆ ಆಚೆ ಕಾಲಿಡುವಂತಿಲ್ಲ. ಸತ್ತ ಮೇಲೆ ಎರಡೂ ಬದಿಗೆ ಸೇರದ ಹಾಗೆ ನಡುದಾರಿಯಲ್ಲೇ ಮಲಗಿಸುತ್ತಿದ್ದರು.

ನಾನು ದಂಡೆಯ ಮಗ. ಅಪ್ಪ ಬೇಗ ಹೋದರು. ಅಮ್ಮ ಒಣಮೀನು ಮಾರಿ ನನ್ನನ್ನು ಓದಿಸಿದಳು. ಕುಮಟೆಯಲ್ಲಿ ಟ್ರೇನಿಂಗ್ ಮುಗಿಸಿ ನಾನು ಮಾಸ್ತರನಾದ ವಾರವೇ, ಒಳಗಿನ ಹಿಂದಿನ ಬೆಂಚಿನಲ್ಲಿ ಯಾರೋ ಒಂದು ಗೇಣು ಸರಿದು ನನಗೆ ಜಾಗ ಮಾಡಿಕೊಟ್ಟರು. ಅಮ್ಮನಿಗೆ ಯಾರೂ ಸರಿಯಲಿಲ್ಲ. ನಾನು ಒಳಗೆ ಮೊಣಕಾಲೂರಿದಾಗ ಅವಳು ಹೊರಗೆ ಸೋರುವ ಚಪ್ಪರದ ಕೆಳಗೆ ನಿಂತಿರುತ್ತಿದ್ದಳು. ಒಂದು ಮಳೆಗಾಲ, ಅವಳ ಸೀರೆಯ ಅಂಚು ಹಿಂಡುತ್ತಾ, ಪೂಜೆ ಕಾಣುತ್ತದೆಯೇ ಎಂದು ಕೇಳಿದೆ.

"ಗಂಟೆ ಹೊಡೆದ್ರೆ ತಲೆ ಬಗ್ಗಿಸ್ತೆ. ಒಳಗೆ ಎಂತ ಆಗ್ತದೆ ನೀನೇ ಹೇಳ್ಬೇಕು ಮಗಾ, ನೀ ಒಳಗಿನವ ಅಲ್ವಾ" ಎಂದಳು.

ನನ್ನ ತಾಯಿಯ ಮಾತಿನಲ್ಲಿ ಮುಳ್ಳು ಎಲ್ಲಿದೆ ಎಂದು ಹುಡುಕಬೇಕಿರಲಿಲ್ಲ. ಬಂಗಡೆ ಮೀನಿನ ಹಾಗೆ, ನಡುವೆಯೇ ಇರುತ್ತಿತ್ತು.

ಹೊಸದಾಗಿ ಬಂದ ಪಾದ್ರಿಗಳು ಬೆಳಗಾವಿ ಕಡೆಯವರು, ಸಣ್ಣ ಆಳು, ಅದಕ್ಕಿಂತ ಸಣ್ಣ ದನಿ. ಮೊದಲ ಮಳೆಗಾಲದಲ್ಲಿಯೇ ಚಪ್ಪರ ನೋಡಿ, ಮುಂಗೋಡೆ ತೆಗೆದು ಇಗರ್ಜಿಯನ್ನು ಅಂಗಳದ ಕಡೆಗೆ ಉದ್ದ ಮಾಡೋಣ, ಎಲ್ಲರೂ ಒಳಗೆ ಬರಲಿ ಎಂದರು. ಅಲ್ಲಿಂದ ಶುರು.

ಪೇಟೆಯವರ ಮುಂದಾಳು ಹಂಚಿನ ಏಜೆಂಟರು. ನನ್ನ ಭಾವಿ ಮಾವ. ಅವರ ಮಗಳು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಬಾಯಿ ಆಗಿದ್ದಳು. ಮದುವೆಯಾದರೆ ಈ ಮಾಸ್ತರರನ್ನೇ ಎಂದು ಮನೆಯಲ್ಲಿ ಹೇಳಿ ಎರಡು ಹೊತ್ತು ಊಟ ಬಿಟ್ಟಿದ್ದಳಂತೆ. ಮಾವ ನನ್ನ ಮೈಮೇಲಿನ ದಂಡೆಯ ವಾಸನೆಯನ್ನು ಸರಕಾರಿ ನೌಕರಿ ಎಂಬ ಸಾಬೂನಿನಿಂದ ತೊಳೆದು, ಪೂರ್ತಿ ಹೋಗಿಲ್ಲ ಎಂಬ ಮುಖದಲ್ಲೇ ಒಪ್ಪಿದ್ದರು. ಇಗರ್ಜಿಯ ಮುಂದಿನ ಮಂಟಪ ಅವರ ತಂದೆ ಕಟ್ಟಿಸಿದ್ದು. ಉದ್ದ ಮಾಡುವುದೆಂದರೆ ಅದನ್ನು ಕೆಡವಬೇಕು. ಆದರೆ ಮಂಟಪದ ಮಾತು ಅವರು ಎತ್ತುತ್ತಿರಲಿಲ್ಲ. ಕೊಡೆಯ ತುದಿಯಿಂದ ಅಂಗಳ ಅಳೆದು, "ಉದ್ದ ಜಾಸ್ತಿ ಆಗ್ತದೆ" ಎನ್ನುತ್ತಿದ್ದರು. ಉದ್ದವಾದರೆ ಪಾದ್ರಿಗಳ ದನಿ ಮುಟ್ಟುವುದಿಲ್ಲ, ಉದ್ದವಾದರೆ ಮಾಡು ತಡೆಯುವುದಿಲ್ಲ, ಉದ್ದವಾದರೆ ಗಾಳಿ ಸಿಕ್ಕಿಬೀಳುತ್ತದೆ. ಆ ಗಾಳಿಯಲ್ಲಿ ಯಾವ ವಾಸನೆ ಇರುತ್ತದೆ ಎಂದು ಅವರು ಹೇಳುತ್ತಿರಲಿಲ್ಲ. ಅವರ ಹಿಂದೆ ನಿಂತವರು ಮೂಗಿಗೆ ಕರವಸ್ತ್ರ ಹಿಡಿದು ಹೇಳುತ್ತಿದ್ದರು.

ಎರಡೂ ಕಡೆಯವರ ಮನೆಮಾತು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ. ಕೊಂಕಣಿಯಲ್ಲಿ ಬೈದರೆ ಬೈಗುಳ ಮನೆಯೊಳಗಿನದ್ದಾಗುತ್ತದೆ, ಸಂಜೆಗೆ ಮರೆತುಹೋಗುತ್ತದೆ. ಕನ್ನಡದಲ್ಲಿ "ನೀವು ಎಂತ ಅಂತ ತಿಳ್ಕೊಂಡಿದ್ರಿ" ಎಂದರೆ ಅದು ಕೋರ್ಟಿನವರೆಗೆ ನಿಲ್ಲುವ ಮಾತು. ಬಹುವಚನದಲ್ಲಿ ಅವಮಾನ ಮಾಡುವುದನ್ನು ನಾನು ಕಲಿತದ್ದು ಆ ಅಂಗಳದಲ್ಲಿ.

ಮಾತಿನಲ್ಲಿ ನಿಲ್ಲಲಿಲ್ಲ. ದಂಡೆಯ ಹೆಂಗಸರು ಪೇಟೆಯ ಮನೆಗಳಿಗೆ ಮೀನು ಕೊಡುವುದನ್ನು ಬಿಟ್ಟರು. ಬುಟ್ಟಿ ಹೊತ್ತು ಬಾಗಿಲ ಮುಂದಿನಿಂದಲೇ, ಕೂಗುತ್ತಲೇ, ಹಾದುಹೋಗುವರು. ಕರೆದರೆ ಕಿವಿ ಕೇಳದು. ಈಸ್ಟರಿನ ಮುಂಚಿನ ಉಪವಾಸದ ಕಾಲ ಬಂತು. ಶುಕ್ರವಾರ ಮಾಂಸವಿಲ್ಲ, ಈಗ ಮೀನೂ ಇಲ್ಲ. ಮಾವನ ಮನೆಯಲ್ಲಿ ಬದನೆಕಾಯಿಯಾಯಿತು, ಮತ್ತೆ ಬದನೆಕಾಯಿಯಾಯಿತು. ನನ್ನ ಭಾವಿ ಅತ್ತೆ ಒಂದು ದಿನ ಗೇಟಿನವರೆಗೆ ಬಂದು ನನ್ನ ಅಮ್ಮನನ್ನು ಮೆಲ್ಲಗೆ ಕರೆದರಂತೆ, ಬೀಗಿತ್ತಿಯಾಗುವವಳು ನೀನಾದರೂ ಕೊಡು ಎಂದು. ಅಮ್ಮ ಬುಟ್ಟಿ ಇಳಿಸದೆ ಹೇಳಿದ್ದು ಇಷ್ಟೇ: "ಬಾಯಿ, ಇದು ಹೊರಗೆ ನಿಲ್ಲೂ ಮೀನು. ನಿಮ್ಮ ಅಡುಗೆಮನೆ ಒಳಗೆ ಹೇಗೆ ಬರ್ತದೆ?" ಸಂಜೆ ನನಗೆ ಇದನ್ನು ಹೇಳುವಾಗ ಅವಳ ಮುಖದಲ್ಲಿ ಹಬ್ಬವಿತ್ತು. ನನಗೆ ಮಾತ್ರ ಮದುವೆಯ ಚಪ್ಪರದಿಂದ ಒಂದು ಕಂಬ ಕಳಚಿದಂತೆ ಕೇಳಿಸಿತು.

ಪೇಟೆಯವರು ಕೊಟ್ಟ ಉತ್ತರ ಮೀನಿನದ್ದಾಗಿರಲಿಲ್ಲ. ದಂಡೆಯಲ್ಲಿ ಒಬ್ಬ ಮುದುಕ ತೀರಿಕೊಂಡ. ಶವದ ಮುಂದೆ ಬಿಳಿ ಅಂಗಿಯ ಮೇಲೆ ಕೆಂಪು ಹೊದಿಕೆ ಹಾಕಿಕೊಂಡು ಗಂಡಸರು ಮೇಣದಬತ್ತಿ ಹಿಡಿದು ನಡೆಯುವುದು ನಮ್ಮ ಪದ್ಧತಿ. ಎಂಥ ಬಡವನಿಗೂ ಅದೊಂದು ತಪ್ಪುವುದಿಲ್ಲ. ಆ ಹೊದಿಕೆಗಳಿದ್ದ ಕಪಾಟಿನ ಬೀಗದಕೈ ಮಾವನ ಹತ್ತಿರ. ಅದು ಅಂದು ಸಿಗಲಿಲ್ಲ. ಮಾವ ಹೊನ್ನಾವರಕ್ಕೆ ಹೋಗಿದ್ದಾರೆ ಎಂದರು, ಅವರ ಕೊಡೆ ಮಾತ್ರ ಜಗಲಿಯಲ್ಲೇ ನೇತಾಡುತ್ತಿತ್ತು. ಮುದುಕನನ್ನು ದೋಣಿಯವರು ತಮ್ಮ ಮಾಸಿದ ಅಂಗಿಗಳಲ್ಲೇ ಹೊತ್ತು ತಂದರು. ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆ ಮಣ್ಣಿನ ಮರುದಿನ ಅಮ್ಮ ನನ್ನ ಮುಂದೆ ಗಂಜಿಯ ಬಟ್ಟಲು ಇಟ್ಟು, ನೀನು ಯಾರ ಕಡೆ ಎಂದು ಕೇಳಿದಳು. ಅದೇ ವಾರ ಮಾವ ಶಾಲೆಯ ಗೇಟಿನಲ್ಲಿ ನಿಂತು ಅದನ್ನೇ ಕೇಳಿದರು. ಅವರು ಸ್ವಲ್ಪ ಬಿಡಿಸಿ ಹೇಳಿದರು. "ಮಾಸ್ತರ್ರೆ, ತಾಯಿ ಕಡೆ ನಿಲ್ತೇನೆ ಅಂದ್ರೆ ನಿಲ್ಲಿ, ತಪ್ಪಲ್ಲ. ಆದ್ರೆ ಆವಾಗ ಹೆಣ್ಣನ್ನೂ ತಾಯಿ ಕಡೆಯೇ ನೋಡ್ಕಳಿ." ನಾನು ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ನೋಡೋಣ. ಆ ವರ್ಷ ನಾನು ಅತಿ ಹೆಚ್ಚು ಬಳಸಿದ ಶಬ್ದ ಅದು.

ಬಿಷಪ್ಪರು ಸಭೆಯ ಅಭಿಪ್ರಾಯ ಕೇಳಿ ತಿಳಿಸಿ ಎಂದರು. ಪಾದ್ರಿಗಳು ಒಂದು ಭಾನುವಾರ ಪೂಜೆಯ ನಂತರ ಚಪ್ಪರದವರನ್ನೂ ಒಳಗೆ ಕರೆದು ಬಾಗಿಲು ಹಾಕಿಸಿದರು. ದಂಡೆಯವರಿಗೆ ಒಳಗೆ ಹೀಗೆ ಇಡಿಯಾಗಿ ಬಂದು ರೂಢಿಯಿಲ್ಲ. ಹಿಂದಿನ ಗೋಡೆಗೆ ಒತ್ತಿಕೊಂಡು, ಆದರೆ ಸರಿಯಾಗಿ, ಗಂಡಸರು ಗಂಡಸರ ಬದಿ, ಹೆಂಗಸರು ಹೆಂಗಸರ ಬದಿ ನಿಂತರು. ಪಾದ್ರಿಗಳ ದನಿ ಹಿಂದೆ ಮುಟ್ಟುವುದಿಲ್ಲವೆಂದು ನನ್ನನ್ನು ಕರೆದರು. ಡ್ರಿಲ್ಲು ಮಾಡಿಸುವ ಗಂಟಲು ನನ್ನದು. ನಾನು ನಡುದಾರಿಯ ತುದಿಯಲ್ಲಿ ನಿಂತೆ. ಅವರು ಕಿವಿಯಲ್ಲಿ ಹೇಳಿದ್ದನ್ನು ನಾನು ಕೂಗಿ ಹೇಳಿದೆ: ಚೀಟಿ ಬೇಡ, ಕೈ ಎತ್ತುವುದು ಬೇಡ, ಇಗರ್ಜಿ ಉದ್ದವಾಗಲಿ ಎನ್ನುವವರು ಮಾತೆಯ ಬದಿ ನಿಲ್ಲಿ, ಬೇಡ ಎನ್ನುವವರು ಬಡಗಿ ಸಂತನ ಬದಿ ನಿಲ್ಲಿ.

ಕೂಗಿದ ಮೇಲೆ, ಪ್ರಪಂಚದ ಎಲ್ಲ ಅನಾಹುತಗಳನ್ನೂ ಮುಂಚಿತವಾಗಿ ಯೋಚಿಸಿದ್ದ ನನಗೆ ಆಗ ತಾನೆ ಹೊಳೆಯಿತು.

ಯಾರೂ ಕದಲಲಿಲ್ಲ. ಎಲ್ಲಿ ನಿಂತಿದ್ದರೋ ಅಲ್ಲೇ. ಬಿರುಗಾಳಿಯಲ್ಲಿ ದೋಣಿ ತಿರುಗಿಸುವ ದಂಡೆಯ ಗಂಡಸರು ಇಗರ್ಜಿ ಉದ್ದವಾಗಬೇಕು ಎಂದು ವರ್ಷವಿಡೀ ಗಂಟಲು ಹರಿದುಕೊಂಡವರು; ಆ ನಡುದಾರಿ ದಾಟಿ ಹೆಂಗಸರ ನಡುವೆ ನಿಲ್ಲಲು ಅವರಿಗೆ ಧೈರ್ಯವಿರಲಿಲ್ಲ. ಕರವಸ್ತ್ರ ಹಿಡಿದಿದ್ದ ಪೇಟೆಯ ಹೆಂಗಸರು ಒಬ್ಬರೂ ಗಂಡಸರ ಬದಿಗೆ ಬರಲಿಲ್ಲ. ಇಗರ್ಜಿ ಉದ್ದವಾಗಬೇಕೋ ಬೇಡವೋ ಎಂದು ಕೇಳಿದರೆ, ಊರು ತಾನು ಗಂಡೋ ಹೆಣ್ಣೋ ಎಂದು ಉತ್ತರ ಕೊಡುತ್ತಿತ್ತು. ಗಂಡಸರಲ್ಲಿ ಅನೇಕರು ಮುಂಬಯಿಯ ಹಡಗುಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಮಾತೆಯ ಬದಿ ತುಂಬಿ ಕಿಟಕಿಯವರೆಗೆ ಒತ್ತಿತ್ತು.

ಮಾವನಿಗೆ ಲೆಕ್ಕ ಬೇಗ ತಿಳಿಯಿತು. ಅವರು ಮುಂದಿನ ಬೆಂಚಿನಿಂದ ಎದ್ದು ಆಚೆ ಬದಿಯಲ್ಲಿದ್ದ ಹೆಂಡತಿಯನ್ನು ನೋಡಿದರು.

"ನೀ ಅಲ್ಲಿ ಎಂತ ಮಾಡ್ತೆ? ಈಚೆ ಬಾ."

"ನಾ ಯಾವತ್ತೂ ಇಲ್ಲೇ ಅಲ್ವಾ ನಿಲ್ಲೂದು?" ಎಂದರು ಅತ್ತೆ.

"ಇವತ್ತು ಈಚೆ ನಿಲ್ಬೇಕು."

"ಇಷ್ಟು ಜನ ಗಂಡಸರ ನಡುವೆ ಬಂದು ನಿಲ್ಲೂಕೆ ನಂಗೇನು ಮಾನ ಇಲ್ವಾ? ಬದನೆಕಾಯಿ ತಿಂದು ತಿಂದು ನಿಮ್ಗೆ ತಲೆ ಕೆಟ್ಟದೆ."

ಹಿಂದೆ ನಿಂತ ದಂಡೆಯವರಲ್ಲಿ ಯಾರೋ ನಕ್ಕರು. ಮಾವನ ಕುತ್ತಿಗೆ ಕೆಂಪಾಯಿತು. ಇದು ಮೋಸ ಎಂದರು. ಪಾದ್ರಿಗಳು ನನ್ನ ಕಿವಿಯಲ್ಲಿ ಹೇಳಿದರು, ನಾನು ಕೂಗಿದೆ: ಬದಿ ಬದಲಿಸಬೇಕಾದವರು ಈಗಲೂ ಬದಲಿಸಬಹುದು, ದಾರಿ ಖಾಲಿ ಇದೆ. ದಾರಿ ಖಾಲಿಯಿರಲಿಲ್ಲ, ಅದರಲ್ಲಿ ನಾನಿದ್ದೆ. ಮಾವ ಅದನ್ನೂ ಗಮನಿಸಿದರು. ಹೆಂಡತಿಯ ಮೇಲೆ ತೋರಿಸಲಾಗದ ಸಿಟ್ಟು ಒಂದು ಜಾಗ ಹುಡುಕುತ್ತಿತ್ತು.

"ಎಲ್ರೂ ನಿಂತಾತು. ಮಾಸ್ತರ್ರು ಯಾವ ಬದಿ?" ಎಂದರು.

ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಬಲಕ್ಕೆ ಹೋದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಗಂಡಸು, ಗಂಡಸರ ಬದಿ ಹೋದ. ನನ್ನ ಹಿಂದಿನ ಬೆಂಚು ಅಲ್ಲೇ ಇತ್ತು, ಆ ಒಂದು ಗೇಣು ಜಾಗ ಖಾಲಿ ಕಾಣುತ್ತಿತ್ತು. ನನ್ನಂಥವನಿಗಾಗಿಯೇ ಮಾಡಿದ ಅನುಕೂಲ ಅದು. ಆದರೆ ಅಮ್ಮ ಹಿಂದಿನ ಗೋಡೆಗೆ ಆನಿಕೊಂಡು ನನ್ನನ್ನಲ್ಲ, ಪೂಜಾಪೀಠವನ್ನು ನೋಡುತ್ತಿದ್ದಳು. ಒಳಗೆ ಬಂದ ಅವಕಾಶವನ್ನು ಅವಳು ಪೋಲು ಮಾಡುವವಳಲ್ಲ.

ನಾನು ನಡೆದು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಆ ದಿನ ಆ ಇಗರ್ಜಿಯಲ್ಲಿ ನಿಜವಾಗಿ ಅಭಿಪ್ರಾಯ ಕೊಟ್ಟವನು ನಾನೊಬ್ಬನೇ ಇರಬೇಕು. ಅಮ್ಮ ಹೆಮ್ಮೆ ಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೊಣಕೈಯಿಂದ ತಿವಿದಳು.

"ಇಲ್ಲಿ ಎಂತಕ್ಕೆ ಬಂದೆ? ಇದು ಹೆಂಗಸರ ಬದಿ. ಎಲ್ಲಾ ನೋಡ್ತ್ರು, ಹೋಗು."

ಹೋಗಲಿಲ್ಲ. ಪಾದ್ರಿಗಳು ಎರಡೂ ಬದಿ ಕಣ್ಣಾಡಿಸಿ, ಮಾತೆಯ ಬದಿ ಹೆಚ್ಚು ಎಂದು ಬಿಷಪ್ಪರಿಗೆ ತಿಳಿಸುವುದಾಗಿ ಹೇಳಿ ಒಳಗೆ ಹೋದರು. ಆ ಕಾಲದಲ್ಲಿ ಪಾದ್ರಿಗಳು ನಮಗೆ ಬೆನ್ನು ಹಾಕಿ ಪೂಜೆ ಮಾಡುತ್ತಿದ್ದರು. ಯಾರು ಯಾವ ಬದಿ ಕೂರುತ್ತಾರೆಂಬುದು ಪಾಪ ಅವರ ಗಮನಕ್ಕೆ ಬಂದಿರಲಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಚೆಗೆ ನಂಬುವುದನ್ನು ಕಡಿಮೆ ಮಾಡಿದ್ದೇನೆ.

ಮಾವ ಅಂಗಳದಲ್ಲಿ ನನಗಾಗಿ ಕಾದಿದ್ದರು. ನಿಶ್ಚಯದ ಉಂಗುರವನ್ನು ಅಲ್ಲೇ ತೆಗೆದುಕೊಡಬೇಕಾದೀತೆಂದು ನಾನು ಬೆರಳು ಸವರಿಕೊಂಡೆ. ಮದುವೆ ಮುರಿಯುವುದಿಲ್ಲ ಎಂದರು. ಅಳಿಯನಾಗುವವನು ಆ ಬದಿ ನಿಂತ ಎಂದು ಮುರಿದರೆ, ಹೆಂಡತಿಯೂ ಮಗಳೂ ಅದೇ ಬದಿ ನಿಂತಿದ್ದರಲ್ಲ ಎಂದು ಊರು ಕೇಳುತ್ತದೆ. ಅತ್ತೆ ಅಭ್ಯಾಸದಿಂದ ನಿಂತರೋ ಬೇಕೆಂದೇ ನಿಂತರೋ ಎಂದು ಅವರಿಗೂ ಗೊತ್ತಿರಲಿಲ್ಲ; ಕೇಳಿ ತಿಳಿದುಕೊಳ್ಳುವ ಧೈರ್ಯ ಅವರಿಗೆ ಕೊನೆಯ ತನಕ ಬರಲಿಲ್ಲ.

"ಮದುವೆ ಮಾಡ್ವ. ನಿಮ್ಮ ಆ ಉದ್ದದ ಇಗರ್ಜಿಯಲ್ಲೇ ಮಾಡ್ವ. ಅದು ಆಗೂ ದಿವ್ಸ ಬಂದ್ರೆ" ಎಂದು ಕೊಡೆ ಬಿಡಿಸಿ ಹೊರಟರು. ಮಳೆ ಇರಲಿಲ್ಲ.

ಆ ದಿವಸ ಬಾರದಂತೆ ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಅವರ ಅಂಗಡಿಯಲ್ಲಿ ಹಂಚು ಹೊರಗೆ ರಸ್ತೆಯವರೆಗೆ ಪೇರಿಸಿಟ್ಟಿದ್ದರೂ ಇಗರ್ಜಿಗೆ ಒಂದೂ ಇಲ್ಲವೆಂದರು. ಕುಮಟೆಯಿಂದ ತರಿಸಬೇಕಾಯಿತು. ಮಂಟಪ ಕೆಡವುವ ದಿನ ಕುರ್ಚಿ ತರಿಸಿ ಅಂಗಳದಲ್ಲಿ ಕೂತು, ತಂದೆಯ ಒಂದೊಂದು ಕಲ್ಲು ಬೀಳುವುದನ್ನೂ ನೋಡಿದರು. ಆ ದಿನ ಮಾತ್ರ ನನಗೆ ಅವರ ಹತ್ತಿರ ಹೋಗಿ ನಿಲ್ಲಬೇಕೆನಿಸಿತು. ಹೋದೆ. "ಬಿಸಿಲಿಗೆ ಅಡ್ಡ ನಿಲ್ಬೇಡಿ" ಎಂದರು. ಬಿಸಿಲಿಗೆ ಅಡ್ಡ ನಿಂತರೆ ನೆರಳಾಗುತ್ತದೆ ಎಂದು ನಾನು ವಿವರಿಸಲಿಲ್ಲ.

ನನ್ನ ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಮಾಡು ಬೀಳಲಿಲ್ಲ. ಲಾರಿ ಮಗುಚಲಿಲ್ಲ. ಮುಟ್ಟಳ್ಳಿಯವರು ಬಸ್ಸು ಹತ್ತಲಿಲ್ಲ. ಕೊನೆಯ ಸಾಲು ಹಂಚು ಹೊದೆಸಿದ ಮೇಲೆ ಮಳೆ ಬಂತು, ಅನುಮತಿ ಕೇಳಿ ಬಂದ ಹಾಗೆ. ಮೊದಲ ಭಾನುವಾರ ಚಪ್ಪರದವರು ಹೊಸ ಭಾಗದಲ್ಲಿ ನಿಂತರು. ಪೇಟೆಯವರು ತಿರುಗಿ ನೋಡಲಿಲ್ಲ, ಕರವಸ್ತ್ರಗಳು ಹೊರಗೆ ಬಂದವು. ಮನೆಗೆ ಹೋಗುವಾಗ ಈಗಲಾದರೂ ಕಂಡಿತೇ ಎಂದು ಅಮ್ಮನನ್ನು ಕೇಳಿದೆ.

"ಕಾಣ್ತದೆ" ಎಂದಳು. "ಪಾದ್ರಿಗಳ ಬೆನ್ನು."

ಆದರೂ ಮರುವಾರ ಎಲ್ಲರಿಗಿಂತ ಮೊದಲು ಹೋಗಿ ಅದೇ ಜಾಗ ಹಿಡಿದಳು. ಮದುವೆಯ ದಿನ, ಮದುಮಗನ ತಾಯಿ ಮುಂದೆ ಬರಬೇಕು ಎಂದು ಪಾದ್ರಿಗಳೇ ಕರೆದರು. ಜಗಳ ಆಡಿ ಸಿಕ್ಕ ಜಾಗ ಬಿಟ್ಟು ಎಲ್ಲಿಗೆ ಬರಲಿ ಎಂದು ಅಮ್ಮ ಕದಲಲಿಲ್ಲ.

ಹೊಸ ಇಗರ್ಜಿಯಲ್ಲಿ ಮೊದಲ ಮದುವೆ ನಮ್ಮದು. ಮಾವ ಹೇಳಿದ ಮಾತಿಗೆ ತಪ್ಪುವವರಲ್ಲ. ಕೋಟು ಹಾಕಿಕೊಂಡು, ಮಗಳ ಕೈ ಹಿಡಿದು, ಮುಖದಲ್ಲಿ ಮಣ್ಣಿಗೆ ಬಂದವರ ಗಾಂಭೀರ್ಯ ಇಟ್ಟುಕೊಂಡು ಹೊಸ ಬಾಗಿಲಿನಿಂದ ಒಳಗೆ ಬಂದರು. ನಾನು ಪೂಜಾಪೀಠದ ಬಳಿ ನಿಂತು, ಮದುಮಗಳು ಎಡವಬಹುದು, ಮಾವ ಅರ್ಧಕ್ಕೇ ತಿರುಗಬಹುದು, ನನಗೇ ತಲೆ ಸುತ್ತಬಹುದು ಎಂದು ಒಂದೊಂದಾಗಿ ಯೋಚಿಸುತ್ತಿದ್ದೆ. ಬಾಗಿಲ ಗಂಟೆ ಕೇಳಿದ್ದೇ ಹಾರ್ಮೋನಿಯಂ ಮುದುಕರು ಮದುಮಗಳ ಹಾಡು ಹಿಡಿದರು. ಊರಿನ ಅಷ್ಟೂ ಮದುವೆಗಳಿಗೆ ಅದೇ ಹಾಡನ್ನು, ಜನಕ್ಕೆ ಬೆನ್ನು ಹಾಕಿ ಕೂತು, ಅದೇ ನಿಧಾನದಲ್ಲಿ ನುಡಿಸಿಕೊಂಡು ಬಂದವರು. ಬಾಗಿಲಲ್ಲಿ ಶುರುವಾದರೆ ಮದುಮಗಳು ಪೀಠ ಮುಟ್ಟುವಾಗ ಸರಿಯಾಗಿ ಮುಗಿಯುತ್ತಿತ್ತು. ತಿರುಗಿ ನೋಡುವ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ಅಂದೂ ತಿರುಗಿ ನೋಡಲಿಲ್ಲ. ಹಾಡು ಮುಗಿಸಿದರು, ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮದುಮಗಳು ಇನ್ನೂ ಬೆಂಚುಗಳ ನಡುವೆ ಇದ್ದಳು. ಹಾಡು ನಿಂತರೆ ನಿಲ್ಲಬೇಕು ಎಂದು ಹೇಳಿಕೊಟ್ಟಿದ್ದರು, ನಿಂತಳು. ಮಾವನೂ ನಿಂತರು. ಒಮ್ಮೆ ಹಿಂದೆ ಹೊಸ ಬಾಗಿಲನ್ನು ನೋಡಿದರು, ಒಮ್ಮೆ ಮುಂದೆ ನನ್ನನ್ನು ನೋಡಿದರು. ವರ್ಷದಲ್ಲಿ ಮೊದಲ ಬಾರಿ ಅವರ ಮುಖ ಅರಳಿತು.

"ಉದ್ದ ಜಾಸ್ತಿ ಆತು" ಎಂದರು, ಹೊಸ ಭಾಗದ ಕೊನೆಯ ಗೋಡೆಗೂ ಮುಟ್ಟುವಂತೆ.

ಹಾರ್ಮೋನಿಯಂ ಮುದುಕರು ಬೆಚ್ಚಿ ತಿರುಗಿದರು, ಕಂಡರು, ಬೇರೆ ಅಳತೆಯ ಹಾಡು ಗೊತ್ತಿಲ್ಲದೆ ಅದನ್ನೇ ಮೊದಲಿಂದ ಹಿಡಿದರು. ಈ ಸಲ ಮದುಮಗಳು ಬೇಗ ಬಂದು ಮುಟ್ಟಿದಳು, ಹಾಡು ಮುಕ್ಕಾಲು ಬಾಕಿ ಇತ್ತು. ಅದು ಮುಗಿಯುವ ತನಕ ಮಾವ ಮಗಳ ಕೈ ಬಿಡಲಿಲ್ಲ. ನಾನು ಕೈ ಚಾಚಿಕೊಂಡೇ ನಿಂತಿದ್ದೆ.